ಉತ್ತರ: ಬಿ460 ಬೋರ್ಡ್‌ನಲ್ಲಿ ಹ್ಯಾಕಿಂಟಾಷ್ – ಬೂಟ್ ಅರ್ಧಕ್ಕೇ ನಿಲ್ಲುವುದು, ಆಮೇಲೆ ಕಪ್ಪು ಸ್ಕ್ರೀನ್

ನಮಸ್ಕಾರ ಸರ್. ನೀವು ಕೊಟ್ಟ ವಿವರ ಇಷ್ಟು: ಐ5-10400, ಬಿ460 ಬೋರ್ಡ್, 16 ಜಿಬಿ ರ್ಯಾಮ್, ಆರ್‌ಎಕ್ಸ್ 580 8 ಜಿಬಿ ಕಾರ್ಡ್, ಸ್ಯಾಮ್‌ಸಂಗ್ ಪಿಎಂ981 ಎನ್‌ವಿಎಂಇ ಎಸ್‌ಎಸ್‌ಡಿ, ಒಂದು ಯುಎಸ್‌ಬಿ ವೈಫೈ ಡಾಂಗಲ್. ಯಾರೋ ಹಂಚಿದ ಇಎಫ್‌ಐ ಫೋಲ್ಡರನ್ನು (ಬೂಟ್ ಮಾಡಿಸುವ ಫೈಲ್‌ಗಳಿರುವ ಫೋಲ್ಡರ್) ಪೆನ್‌ಡ್ರೈವ್‌ಗೆ ಹಾಕಿ, ಈ ಸಾದಾ ಪಿಸಿಯಲ್ಲಿ ಆಪಲ್‌ನ ಮ್ಯಾಕ್‌ಓಎಸ್ ಸೊನೋಮಾ ಇನ್‌ಸ್ಟಾಲ್ ಮಾಡಲು (ಅದೇ ಹ್ಯಾಕಿಂಟಾಷ್) ಹೊರಟಿರಿ. ಮೊದಲು ‘ಎಕ್ಸಿಟ್‌ಬಿಎಸ್ ಸ್ಟಾರ್ಟ್’ ಸಾಲಿನಲ್ಲಿ ನಿಂತಿತು, ಬಯೋಸ್‌ನಲ್ಲಿ ಒಂದಷ್ಟು ಬದಲಾಯಿಸಿದ ಮೇಲೆ ಮುಂದೆ ಹೋಗಿ ಸ್ಕ್ರೀನ್ ಕಪ್ಪಾಯಿತು.

ನಿಮ್ಮ ಪ್ರೊಸೆಸರ್, ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಮೂರೂ ಈ ಕೆಲಸಕ್ಕೆ ಒಳ್ಳೆಯವೇ. ತೊಂದರೆ ಇರುವುದು ಆ ಇಎಫ್‌ಐ ಫೋಲ್ಡರಿನಲ್ಲಿ. ಅದು ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿ. ಅವರ ಬಯೋಸ್, ಅವರ ಯುಎಸ್‌ಬಿ ಪೋರ್ಟ್‌ಗಳ ಪಟ್ಟಿ, ಅವರ ಸೌಂಡ್ ಚಿಪ್, ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅವರ ಸೀರಿಯಲ್ ನಂಬರ್, ಎಲ್ಲವೂ ಅದರೊಳಗಿವೆ. ಅದನ್ನು ರಿಪೇರಿ ಮಾಡುತ್ತ ಕೂರುವುದಕ್ಕಿಂತ ಅಳಿಸಿ ಹೊಸದಾಗಿ ಕಟ್ಟುವುದು ಬೇಗ ಮುಗಿಯುತ್ತದೆ. ಓಪನ್‌ಕೋರ್‌ಗೆ (ಪಿಸಿಯಲ್ಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸುವ ಬೂಟ್‌ಲೋಡರ್) ಇರುವ ಡಾರ್ಟೇನಿಯಾ ಗೈಡ್‌ನ ಕಾಮೆಟ್ ಲೇಕ್ (ನಿಮ್ಮ ಪ್ರೊಸೆಸರಿನ ತಲೆಮಾರು) ಡೆಸ್ಕ್‌ಟಾಪ್ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಹೆಸರುಗಳನ್ನೆಲ್ಲ ನಾನು ಕನ್ನಡದಲ್ಲಿ ಬರೆದಿದ್ದೇನೆ, ಫೈಲ್‌ನಲ್ಲಿ ಹೊಡೆಯುವಾಗ ಅಲ್ಲಿರುವ ಇಂಗ್ಲಿಷ್ ಕಾಗುಣಿತವನ್ನೇ ಬಳಸಿ.

ಮೊದಲು ಎನ್‌ವಿಎಂಇ. ಪಿಎಂ981 ಮತ್ತು ಮ್ಯಾಕ್‌ಓಎಸ್‌ಗೆ ಎಣ್ಣೆ ಸೀಗೆಕಾಯಿ ಸಂಬಂಧ. ಇನ್‌ಸ್ಟಾಲ್ ನಡುವೆಯೇ ಕರ್ನಲ್ ಪ್ಯಾನಿಕ್ (ಸಿಸ್ಟಂ ಕುಸಿದು ನಿಲ್ಲುವುದು) ಆಗುತ್ತದೆ, ಆಗದಿದ್ದರೆ ವಾರದೊಳಗೆ ಆಗುತ್ತದೆ. ಎನ್‌ವಿಎಂಇಫಿಕ್ಸ್ ಎಂಬ ಕೆಕ್ಸ್ಟ್ (ಮ್ಯಾಕ್‌ಓಎಸ್‌ನ ಡ್ರೈವರ್ ಫೈಲ್) ಹಾಕಿದರೂ ಭರವಸೆ ಇಲ್ಲ. ಅದರಲ್ಲಿ ವಿಂಡೋಸ್ ಇದ್ದರೆ ಇರಲಿ, ಆದರೆ ಮ್ಯಾಕ್‌ಓಎಸ್ ಬೂಟ್ ಆಗುವಾಗ ಆ ಡ್ರೈವ್ ಕಣ್ಣಿಗೆ ಬೀಳದಂತೆ ಎಸ್‌ಎಸ್‌ಡಿಟಿ (ಹಾರ್ಡ್‌ವೇರ್ ವಿವರವನ್ನು ತಿದ್ದಿ ಹೇಳುವ ಚಿಕ್ಕ ಫೈಲ್) ಹಾಕಿ ಮರೆಮಾಡಬೇಕು. ಇನ್‌ಸ್ಟಾಲ್ ಮುಗಿಯುವ ತನಕ ಅದನ್ನು ಸ್ಕ್ರೂ ಬಿಚ್ಚಿ ತೆಗೆದಿಡುವುದು ಇನ್ನೂ ಸುಲಭ. ಮ್ಯಾಕ್‌ಓಎಸ್‌ಗೆ 240 ಅಥವಾ 480 ಜಿಬಿಯ ಸಾದಾ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು.

ಬಯೋಸ್‌ಗೆ ಬನ್ನಿ. ಒಮ್ಮೆ ಡೀಫಾಲ್ಟ್ ಲೋಡ್ ಮಾಡಿ, ನೀವು ಬದಲಾಯಿಸಿದ್ದೆಲ್ಲ ಹೋಗಲಿ. ಆಮೇಲೆ ಫಾಸ್ಟ್ ಬೂಟ್, ಸೆಕ್ಯೂರ್ ಬೂಟ್, ಸಿಎಸ್‌ಎಂ, ಸೀರಿಯಲ್ ಪೋರ್ಟ್, ರೀಸೈಜಬಲ್ ಬಾರ್ ಆಫ್ ಆಗಿರಬೇಕು. ಅಬೋವ್ 4ಜಿ ಡೀಕೋಡಿಂಗ್, ಎಕ್ಸ್‌ಎಚ್‌ಸಿಐ ಹ್ಯಾಂಡ್‌ಆಫ್, ಹೈಪರ್ ಥ್ರೆಡಿಂಗ್ ಆನ್, ಸಾಟಾ ಮೋಡ್ ಎಎಚ್‌ಸಿಐ. ವಿಟಿ-ಡಿ ಆಫ್ ಮಾಡಿ. ಬೇರೆ ಕೆಲಸಕ್ಕೆ ಬೇಕಿದ್ದರೆ ಆನ್ ಬಿಟ್ಟು ಕಾನ್ಫಿಗ್‌ನಲ್ಲಿ (ಓಪನ್‌ಕೋರ್‌ನ ಸೆಟ್ಟಿಂಗ್ ಫೈಲ್) ಡಿಸೇಬಲ್‌ಐಓಮ್ಯಾಪರ್ ಆನ್ ಮಾಡಿ. ಸಿಎಫ್‌ಜಿ ಲಾಕ್ ಅನ್ನುವ ಆಯ್ಕೆ ಕಂಡರೆ ಡಿಸೇಬಲ್ ಮಾಡಿ. ಎಷ್ಟೋ ಬಿ460 ಬೋರ್ಡ್‌ಗಳ ಬಯೋಸ್‌ನಲ್ಲಿ ಅದು ಕಾಣುವುದೇ ಇಲ್ಲ. ಹಾಗಿದ್ದರೆ ಕಾನ್ಫಿಗ್‌ನ ಕರ್ನಲ್ ವಿಭಾಗದಲ್ಲಿ ಆಪಲ್‌ಎಕ್ಸ್‌ಸಿಪಿಎಂಸಿಎಫ್‌ಜಿಲಾಕ್ ಟ್ರೂ ಮಾಡಲೇಬೇಕು. ನೀವು ಮೊದಲು ನಿಂತ ಜಾಗಕ್ಕೆ ಇದೇ ಕಾರಣ ಇರುವ ಸಾಧ್ಯತೆ ಹೆಚ್ಚು: ಪ್ರೊಸೆಸರಿನ ಒಂದು ರಿಜಿಸ್ಟರಿಗೆ ಮ್ಯಾಕ್‌ಓಎಸ್ ಕರ್ನಲ್ ಬರೆಯಲು ಹೋಗುತ್ತದೆ, ಬಯೋಸ್ ಅದಕ್ಕೆ ಬೀಗ ಹಾಕಿರುತ್ತದೆ, ಕರ್ನಲ್ ಅಲ್ಲೇ ಬೀಳುತ್ತದೆ. ಸ್ಕ್ರೀನಿನಲ್ಲಿ ಎರರ್ ಎಂದೇನೂ ಬರುವುದಿಲ್ಲ, ಎಕ್ಸಿಟ್‌ಬಿಎಸ್ ಸಾಲು ಸುಮ್ಮನೆ ನಿಂತಿರುತ್ತದೆ.

ಅದೇ ಸಾಲಿಗೆ ಇನ್ನೊಂದು ಕಾರಣ ಬೂಟರ್ ಕ್ವಿರ್ಕ್‌ಗಳು, ಅಂದರೆ ಬಯೋಸ್‌ನ ವಿಚಿತ್ರಗಳನ್ನು ಸರಿದೂಗಿಸುವ ಕಾನ್ಫಿಗ್ ಸೆಟ್ಟಿಂಗ್‌ಗಳು. ಬಯೋಸ್ ತನ್ನ ಮೆಮೊರಿ ಮ್ಯಾಪನ್ನು ಕರ್ನಲ್ ಕೈಗೆ ಒಪ್ಪಿಸುವ ಹೊತ್ತು ಅದು, ಲೆಕ್ಕ ತಪ್ಪಿದರೆ ಅಲ್ಲೇ ಸ್ತಬ್ಧ. ನಿಮ್ಮ ತಲೆಮಾರಿನ ಬೋರ್ಡ್‌ಗೆ ಡಿವರ್ಚುವಲೈಸ್‌ಎಂಎಂಐಓ, ಪ್ರೊಟೆಕ್ಟ್‌ಯುಇಎಫ್‌ಐಸರ್ವಿಸಸ್, ರೀಬಿಲ್ಡ್‌ಆಪಲ್‌ಮೆಮೊರಿಮ್ಯಾಪ್, ಸಿಂಕ್‌ರನ್‌ಟೈಮ್‌ಪರ್ಮಿಷನ್ಸ್ ಈ ನಾಲ್ಕೂ ಟ್ರೂ. ಎನೇಬಲ್‌ರೈಟ್‌ಅನ್‌ಪ್ರೊಟೆಕ್ಟರ್, ಸೆಟಪ್‌ವರ್ಚುವಲ್‌ಮ್ಯಾಪ್ ಎರಡೂ ಫಾಲ್ಸ್. ಹಳೇ ಬೋರ್ಡ್‌ಗಳ ಕಾನ್ಫಿಗ್‌ನಲ್ಲಿ ಕೊನೆಯದು ಟ್ರೂ ಇರುತ್ತದೆ, ಹಂಚಿದ ಫೋಲ್ಡರ್‌ಗಳಲ್ಲಿ ಅದು ಹಾಗೇ ಉಳಿದುಕೊಂಡಿರುತ್ತದೆ. ಒಮ್ಮೆ ನೋಡಿಬಿಡಿ.

ಈಗ ಕಟ್ಟುವ ಕ್ರಮ. ಪೆನ್‌ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಆನ್‌ಲೈನ್ ರಿಕವರಿಗಾದರೆ 4 ಜಿಬಿ ಸಾಕು. ಓಪನ್‌ಕೋರ್ ಜೊತೆ ಬರುವ ಮ್ಯಾಕ್‌ರಿಕವರಿ ಸ್ಕ್ರಿಪ್ಟ್‌ನಿಂದ ಸೊನೋಮಾ ರಿಕವರಿ ಇಳಿಸಿ, ‘ಕಾಮ್ ಡಾಟ್ ಆಪಲ್ ಡಾಟ್ ರಿಕವರಿ ಡಾಟ್ ಬೂಟ್’ ಹೆಸರಿನ ಫೋಲ್ಡರಿನಲ್ಲಿಡಿ. ಇಎಫ್‌ಐ ಫೋಲ್ಡರಿಗೆ ಓಪನ್‌ಕೋರ್‌ನ ಡೀಬಗ್ ಆವೃತ್ತಿಯನ್ನೇ ಹಾಕಿ, ರಿಲೀಸ್ ಬೇಡ. ಲಾಗ್ ಇಲ್ಲದಿದ್ದರೆ ಕತ್ತಲಲ್ಲಿ ಕಲ್ಲೆಸೆದಂತೆ. ಡ್ರೈವರ್‌ಗಳು ಮೂರೇ: ಓಪನ್‌ರನ್‌ಟೈಮ್, ಎಚ್‌ಎಫ್‌ಎಸ್‌ಪ್ಲಸ್, ರೀಸೆಟ್‌ಎನ್‌ವಿರ್ಯಾಮ್‌ಎಂಟ್ರಿ. ಇದರಲ್ಲಿ ಓಪನ್‌ರನ್‌ಟೈಮ್ ಮತ್ತು ಓಪನ್‌ಕೋರ್ ಒಂದೇ ಆವೃತ್ತಿಯ ಜಿಪ್‌ನಿಂದ ಬಂದಿರಬೇಕು. ಒಂದು ಹಳೆಯದು, ಒಂದು ಹೊಸದಾದರೆ ಮೆನು ದಾಟಿದ ತಕ್ಷಣ ‘ಇನ್‌ಕಂಪ್ಯಾಟಿಬಲ್’ ಎಂದು ಹೇಳಿ ನಿಲ್ಲುತ್ತದೆ.

ಎಸ್‌ಎಸ್‌ಡಿಟಿಗಳು ಪ್ಲಗ್, ಇಸಿ-ಯುಎಸ್‌ಬಿಎಕ್ಸ್, ಎಡಬ್ಲ್ಯುಎಸಿ. ಬೋರ್ಡ್ ಆಸುಸ್ ಆಗಿದ್ದರೆ ಆರ್‌ಹಬ್ ಕೂಡ. ಕೆಕ್ಸ್ಟ್‌ಗಳು ಲಿಲು, ವರ್ಚುವಲ್‌ಎಸ್‌ಎಂಸಿ, ವಾಟೆವರ್‌ಗ್ರೀನ್, ಆಪಲ್‌ಎಎಲ್‌ಸಿ, ಜೊತೆಗೆ ಲ್ಯಾನ್ ಚಿಪ್‌ಗೆ ತಕ್ಕದ್ದು ಒಂದು. ಲ್ಯಾನ್ ಚಿಪ್ ಯಾವುದೆಂದು ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ನೋಡಿ: ಇಂಟೆಲ್ ಐ219-ವಿ ಆದರೆ ಇಂಟೆಲ್‌ಮಾಸಿ, ರಿಯಲ್‌ಟೆಕ್ 8111 ಆದರೆ ರಿಯಲ್‌ಟೆಕ್‌ಆರ್‌ಟಿಎಲ್8111, 2.5ಜಿಯ 8125 ಆದರೆ ಲೂಸಿ. ‘ಎಲ್ಲ ಹಾಕಿಬಿಡಿ, ಯಾವುದೋ ಒಂದು ಹಿಡಿಯುತ್ತೆ’ ಎಂದು ಈ ಥ್ರೆಡ್‌ನಲ್ಲಿ ಮೇಲೆ ಒಬ್ಬರು ಬರೆದಿದ್ದಾರೆ. ಹಾಗೆ ಮಾಡಬೇಡಿ, ಕೆಟ್ಟಾಗ ಯಾವುದು ಕೆಡಿಸಿತು ಅಂತ ಗೊತ್ತಾಗುವುದಿಲ್ಲ.

ಕಾನ್ಫಿಗ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತಿದ್ದಬೇಡಿ. ಪ್ರಾಪರ್‌ಟ್ರೀ ಎಂಬ ಎಡಿಟರಿನಲ್ಲಿ ತೆರೆದು ಕಂಟ್ರೋಲ್, ಶಿಫ್ಟ್, ಆರ್ ಒತ್ತಿ ಓಸಿ ಫೋಲ್ಡರ್ ತೋರಿಸಿದರೆ ನೀವು ಹಾಕಿದ ಕೆಕ್ಸ್ಟ್, ಎಸ್‌ಎಸ್‌ಡಿಟಿ ಎಲ್ಲ ತಾನೇ ಸೇರಿಸಿಕೊಳ್ಳುತ್ತದೆ, ಲಿಲುವನ್ನು ಮೇಲಕ್ಕೂ ಇಡುತ್ತದೆ. ಆಮೇಲೆ ಕೈಯಾರೆ ಮಾಡುವುದು: ವಾಲ್ಟ್ ‘ಆಪ್ಷನಲ್’, ಸ್ಕ್ಯಾನ್‌ಪಾಲಿಸಿ 0, ಸೆಕ್ಯೂರ್‌ಬೂಟ್‌ಮಾಡೆಲ್ ಸದ್ಯಕ್ಕೆ ‘ಡಿಸೇಬಲ್ಡ್’. ಎಸ್‌ಎಂಬಯೋಸ್ (ಪಿಸಿ ಯಾವ ಮ್ಯಾಕ್ ಎಂದು ಹೇಳಿಕೊಳ್ಳಬೇಕೋ ಆ ಮಾಡೆಲ್) ಐಮ್ಯಾಕ್20,1. ಬೂಟ್ ಆರ್ಗ್ಯುಮೆಂಟ್‌ನಲ್ಲಿ ಮೈನಸ್ ವಿ, ಕೀಪ್‌ಸಿಮ್ಸ್=1, ಡೀಬಗ್=0ಎಕ್ಸ್100. ಉಳಿಸಿ, ಓಸಿವ್ಯಾಲಿಡೇಟ್ (ಕಾನ್ಫಿಗ್‌ನ ತಪ್ಪು ಹುಡುಕುವ ಟೂಲ್) ಓಡಿಸಿ. ಅದು ಒಂದೇ ಒಂದು ತಪ್ಪು ತೋರಿಸಿದರೂ ಪೆನ್‌ಡ್ರೈವ್ ಹಚ್ಚಬೇಡಿ.

ಇನ್ನು ಕಪ್ಪು ಸ್ಕ್ರೀನ್. ಮೊದಲು ನೋಡಬೇಕಾದ್ದು ಮಾನಿಟರ್ ಕೇಬಲ್ ಆರ್‌ಎಕ್ಸ್ 580ಗೆ ಹೋಗಿದೆಯೋ ಬೋರ್ಡಿಗೆ ಹೋಗಿದೆಯೋ ಅಂತ. ನಗಬೇಡಿ, ಅರ್ಧ ಪ್ರಶ್ನೆಗಳು ಅಲ್ಲಿಗೇ ಮುಗಿಯುತ್ತವೆ. ಎರಡನೆಯದು, ಪ್ರೊಸೆಸರ್ ಒಳಗಿನ ಯುಎಚ್‌ಡಿ 630ಕ್ಕೆ ಕೊಟ್ಟ ಪ್ಲಾಟ್‌ಫಾರ್ಮ್ ಐಡಿ. ಕಾರ್ಡ್ ಇಲ್ಲದೆ ಬೋರ್ಡಿನಿಂದಲೇ ಡಿಸ್‌ಪ್ಲೇ ಕೊಡುವವರು 07009ಬಿ3ಇ ಹಾಕುತ್ತಾರೆ, ನಿಮಗೆ ಸಿಕ್ಕ ಫೋಲ್ಡರಿನಲ್ಲಿ ಅದೇ ಇರಬಹುದು. ನಿಮಗೆ ಬೇಕಾದ್ದು 0300ಸಿ89ಬಿ: ಒಳಗಿನ ಗ್ರಾಫಿಕ್ಸ್ ವಿಡಿಯೋ ಎನ್‌ಕೋಡಿಂಗ್ ಕೆಲಸಕ್ಕಷ್ಟೇ, ಪರದೆ ಪೂರಾ ಎಎಂಡಿ ಕಾರ್ಡಿನದು. ಬಯೋಸ್‌ನಲ್ಲಿ ಪ್ರೈಮರಿ ಡಿಸ್‌ಪ್ಲೇ ಪಿಸಿಐಇ ಮಾಡಿ, ಒಳಗಿನ ಗ್ರಾಫಿಕ್ಸ್ ಆಫ್ ಆಗದೆ ಆನ್ ಆಗಿಯೇ ಇರಲಿ. ಪಿಕೇರಾ ಎಂಬ ಬೂಟ್ ಆರ್ಗ್ಯುಮೆಂಟ್ ಆರ್‌ಎಕ್ಸ್ 5000, 6000 ಸರಣಿಗೆ ಬೇಕಾದದ್ದು, ನಿಮ್ಮ ಪೊಲಾರಿಸ್ ತಲೆಮಾರಿನ 580 ಕಾರ್ಡಿಗೆ ಅಲ್ಲ.

ಇಷ್ಟಾದರೂ ಕಪ್ಪಾಗೇ ಇದ್ದರೆ ಕಾರ್ಡಿನ ಮೇಲೆಯೇ ಅನುಮಾನ ಪಡಿ. ಎಸ್‌ಪಿ ರೋಡ್ ಇರಲಿ, ಆನ್‌ಲೈನ್ ಇರಲಿ, ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580ಗಳಲ್ಲಿ ಮೈನಿಂಗ್‌ನಲ್ಲಿ ದುಡಿದವು ಬಹಳ. ಅವುಗಳ ವಿಬಯೋಸ್ (ಕಾರ್ಡಿನದೇ ಬಯೋಸ್) ತಿದ್ದಿರುತ್ತಾರೆ. ವಿಂಡೋಸ್ ಹೇಗೋ ಸಂಭಾಳಿಸಿಕೊಳ್ಳುತ್ತದೆ, ಮ್ಯಾಕ್‌ಓಎಸ್ ಡ್ರೈವರ್ ಲೋಡ್ ಆಗುವ ಹೊತ್ತಿಗೆ ಸ್ಕ್ರೀನ್ ಹೋಗುತ್ತದೆ. ಕಾರ್ಡಿನ ಮೇಲೆ ಚಿಕ್ಕ ಬಯೋಸ್ ಸ್ವಿಚ್ ಇದ್ದರೆ ಆ ಕಡೆ ತಳ್ಳಿ ನೋಡಿ, ಇಲ್ಲದಿದ್ದರೆ ಅದೇ ಮಾಡೆಲಿನ ಮೂಲ ವಿಬಯೋಸ್ ಫ್ಲ್ಯಾಷ್ ಮಾಡಬೇಕು, ಈಗಿರುವುದನ್ನು ಮೊದಲು ಬ್ಯಾಕಪ್ ತೆಗೆದುಕೊಂಡು. ಹೆಸರಿನಲ್ಲಿ 2048ಎಸ್‌ಪಿ ಇದೆಯೇ ಎಂದೂ ಜಿಪಿಯು-ಝಡ್‌ನಲ್ಲಿ ನೋಡಿ. ನಿಜವಾದ 580ಯಲ್ಲಿ 2304 ಕೋರ್ ಇರುತ್ತವೆ. ಇನ್ನು ‘ಜಿಟಿಎಕ್ಸ್ 1650ಗೆ ಬದಲಾಯಿಸಿ’ ಎಂದು ನಿಮಗೆ ಬಂದ ಸಲಹೆಯನ್ನು ಮರೆತುಬಿಡಿ. ಆ ಕಾರ್ಡಿಗೆ ಮ್ಯಾಕ್‌ಓಎಸ್‌ನಲ್ಲಿ ಡ್ರೈವರ್ ಯಾವತ್ತೂ ಬಂದಿಲ್ಲ.

ಸ್ಕ್ರೀನ್ ಎಲ್ಲಿ ನಿಂತಿತು ಅನ್ನುವುದೇ ಅರ್ಧ ಉತ್ತರ. ‘ಪಿಸಿಐ ಕಾನ್ಫಿಗರೇಷನ್ ಬಿಗಿನ್’ನಲ್ಲಿ ನಿಂತರೆ ಅಬೋವ್ 4ಜಿ ಆನ್ ಆಗಿಲ್ಲ. ‘ವೇಟಿಂಗ್ ಫಾರ್ ರೂಟ್ ಡಿವೈಸ್’ ಅಥವಾ ಅಡ್ಡಗೆರೆ ಹೊಡೆದ ವೃತ್ತ ಬಂದರೆ ಪೆನ್‌ಡ್ರೈವ್ ಚುಚ್ಚಿದ ಪೋರ್ಟೇ ಮ್ಯಾಕ್‌ಓಎಸ್‌ಗೆ ಕಾಣುತ್ತಿಲ್ಲ: ಹಿಂದಿನ ಯುಎಸ್‌ಬಿ 2.0 ಪೋರ್ಟಿಗೆ ಬದಲಾಯಿಸಿ. ‘ಓಸಿ: ವಾಲ್ಟ್’ ಎಂದರೆ ಮೇಲೆ ಹೇಳಿದ ಆಪ್ಷನಲ್ ಮರೆತಿದ್ದೀರಿ. ಪ್ರತಿ ಬದಲಾವಣೆಯ ನಂತರ ಬೂಟ್ ಮೆನುವಿನಲ್ಲಿ ಸ್ಪೇಸ್ ಒತ್ತಿ ಎನ್‌ವಿರ್ಯಾಮ್ (ಬೋರ್ಡು ಬೂಟ್ ಸೆಟ್ಟಿಂಗ್ ನೆನಪಿಡುವ ಜಾಗ) ರೀಸೆಟ್ ಮಾಡಿ. ಇಲ್ಲದಿದ್ದರೆ ಹಳೇ ಬೂಟ್ ಆರ್ಗ್ಯುಮೆಂಟ್‌ಗಳೇ ಉಳಿದು ‘ಏನು ಮಾಡಿದರೂ ಬದಲಾಗುತ್ತಿಲ್ಲ’ ಅನಿಸುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಇನ್‌ಸ್ಟಾಲರ್ ಬಂದ ಮೇಲೆ ಡಿಸ್ಕ್ ಯುಟಿಲಿಟಿಯ ವ್ಯೂ ಮೆನುವಿನಲ್ಲಿ ‘ಶೋ ಆಲ್ ಡಿವೈಸಸ್’ ಆರಿಸಿ, ಡ್ರೈವಿನ ಅತ್ಯಂತ ಮೇಲಿನ ಹೆಸರನ್ನು ಹಿಡಿದು ಎಪಿಎಫ್‌ಎಸ್, ಜಿಯುಐಡಿ ಪಾರ್ಟಿಷನ್ ಮ್ಯಾಪ್‌ಗೆ ಎರೇಸ್ ಮಾಡಿ. ಒಳಗಿನ ಪಾರ್ಟಿಷನ್ ಮಾತ್ರ ಎರೇಸ್ ಮಾಡಿದರೆ ಜಿಯುಐಡಿ ಆಯ್ಕೆಯೇ ಕಾಣುವುದಿಲ್ಲ. ಲ್ಯಾನ್ ಕೇಬಲ್ ಹಾಕಿರಿ, ಇದು 10 ಜಿಬಿಗೂ ಮೀರಿದ ಡೌನ್‌ಲೋಡ್. ನಡುವೆ ಮೂರು ನಾಲ್ಕು ಸಲ ರೀಸ್ಟಾರ್ಟ್ ಆಗುತ್ತದೆ, ಪ್ರತಿ ಸಲ ಮೆನುವಿನಲ್ಲಿ ‘ಮ್ಯಾಕ್‌ಓಎಸ್ ಇನ್‌ಸ್ಟಾಲರ್’ ಆರಿಸಿ. ರಿಕವರಿ ಆರಿಸಿದರೆ ಮತ್ತೆ ಮೊದಲಿಗೇ ಬರುತ್ತೀರಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಮೇಲೆ ಮಾಡಿ.

ಡೆಸ್ಕ್‌ಟಾಪ್ ಬಂದರೂ ಆಪಲ್ ಐಡಿ ಹಾಕಲು ಅವಸರ ಬೇಡ. ಜೆನ್‌ಎಸ್‌ಎಂಬಯೋಸ್ ಟೂಲ್‌ನಿಂದ ಐಮ್ಯಾಕ್20,1ಕ್ಕೆ ಹೊಸ ಸೀರಿಯಲ್, ಬೋರ್ಡ್ ಸೀರಿಯಲ್, ಯುಯುಐಡಿ ತಯಾರಿಸಿ ಹಾಕಿ. ಆ ಸೀರಿಯಲ್ಲನ್ನು ಆಪಲ್‌ನ ಕವರೇಜ್ ಪುಟದಲ್ಲಿ ಕೊಟ್ಟಾಗ ಅಮಾನ್ಯ ಎಂದು ಬರಬೇಕು. ಯಾರದೋ ನಿಜವಾದ ಐಮ್ಯಾಕ್ ವಿವರ ಬಂದರೆ ಬೇರೆ ತಯಾರಿಸಿ. ಕಾನ್ಫಿಗ್‌ನಲ್ಲಿ ಆರ್‌ಓಎಂ ಅನ್ನುವ ಜಾಗಕ್ಕೆ ನಿಮ್ಮ ಲ್ಯಾನ್ ಚಿಪ್ಪಿನ ಎಂಎಸಿ ವಿಳಾಸ (ಚಿಪ್ಪಿನ ಗುರುತು ಸಂಖ್ಯೆ), ಆ ಲ್ಯಾನ್ ‘ಇಎನ್0’ ಆಗಿ ಬಿಲ್ಟ್-ಇನ್ ಎಂದು ತೋರುತ್ತಿರಬೇಕು. ಹತ್ತಾರು ಜನ ಬಳಸುವ ಹಂಚಿದ ಸೀರಿಯಲ್ಲಿನಲ್ಲೇ ಲಾಗಿನ್ ಆದರೆ ಐಮೆಸೇಜ್ ನಡೆಯುವುದಿಲ್ಲ, ಕೆಲವೊಮ್ಮೆ ಐಡಿಗೇ ಬೀಗ ಬೀಳುತ್ತದೆ.

ಆಮೇಲೆ ಯುಎಸ್‌ಬಿ ಮ್ಯಾಪ್. ಒಂದು ಕಂಟ್ರೋಲರಿಗೆ ಮ್ಯಾಕ್‌ಓಎಸ್ ಒಪ್ಪುವುದು 15 ಪೋರ್ಟ್ ಮಾತ್ರ, ಒಂದು ಯುಎಸ್‌ಬಿ 3 ಸಾಕೆಟ್ ಎರಡಾಗಿ ಲೆಕ್ಕ. ಯುಎಸ್‌ಬಿಟೂಲ್‌ಬಾಕ್ಸನ್ನು ವಿಂಡೋಸ್‌ನಲ್ಲೇ ಓಡಿಸಿ, ಪ್ರತಿ ಸಾಕೆಟ್ಟಿಗೂ ಒಂದು 2.0, ಒಂದು 3.0 ಪೆನ್‌ಡ್ರೈವ್ ಹಾಕಿ ತೆಗೆದು, ಬೇಕಾದ 15ನ್ನು ಆರಿಸಿ ಕೆಕ್ಸ್ಟ್ ಮಾಡಿಕೊಳ್ಳಿ. ಸ್ಲೀಪ್‌ಗೆ ಹೋದ ಪಿಸಿ ತಕ್ಷಣ ಎದ್ದು ಕೂರುವುದಕ್ಕೆ ಸಾಮಾನ್ಯವಾಗಿ ಈ ಮ್ಯಾಪ್ ಇಲ್ಲದಿರುವುದೇ ಕಾರಣ. ಎಕ್ಸ್‌ಎಚ್‌ಸಿಐಪೋರ್ಟ್‌ಲಿಮಿಟ್ ಕ್ವಿರ್ಕ್ 11.3ರಿಂದ ಈಚೆಗೆ ಕೆಲಸ ಮಾಡುವುದಿಲ್ಲ, ಅದನ್ನು ನಂಬಬೇಡಿ. ಸೌಂಡ್‌ಗೆ ಕೋಡೆಕ್ ಹೆಸರು ತಿಳಿದು ಆಪಲ್‌ಎಎಲ್‌ಸಿ ಪಟ್ಟಿಯಲ್ಲಿರುವ ಲೇಔಟ್ ನಂಬರುಗಳನ್ನು ಒಂದೊಂದಾಗಿ ಎಎಲ್‌ಸಿಐಡಿ ಬೂಟ್ ಆರ್ಗ್ಯುಮೆಂಟ್‌ನಲ್ಲಿ ಹಾಕಿ ನೋಡಿ. ಎಲ್ಲ ಸರಿಯಾದ ಮೇಲೆ ಇಎಫ್‌ಐ ಫೋಲ್ಡರನ್ನು ಎಸ್‌ಎಸ್‌ಡಿಯ ಇಎಫ್‌ಐ ಪಾರ್ಟಿಷನ್ನಿಗೆ ನಕಲು ಮಾಡಿ. ಪೆನ್‌ಡ್ರೈವ್ ಅಳಿಸಬೇಡಿ, ಅಪ್‌ಡೇಟ್ ಕೆಟ್ಟ ದಿನ ಅದೇ ಕಾಯುವುದು.

ವೈಫೈ ಡಾಂಗಲ್ ಬಿಟ್ಟುಬಿಡಿ. ಬೋರ್ಡಿನಲ್ಲಿ ಎಂ.2 ವೈಫೈ ಸ್ಲಾಟ್ ಇದ್ದರೆ ಇಂಟೆಲ್ ಎಎಕ್ಸ್200 ಜೊತೆ ಐಟಿಎಲ್‌ಡಬ್ಲ್ಯುಎಂ ಕೆಕ್ಸ್ಟ್ ಮತ್ತು ಹೀಲಿಪೋರ್ಟ್ ಆ್ಯಪ್ ಸಾಕು, ಏರ್‌ಡ್ರಾಪ್ ಮಾತ್ರ ಸಿಗದು. ಹಳೇ ಬ್ರಾಡ್‌ಕಾಮ್ ಕಾರ್ಡ್‌ಗಳ ಬೆಂಬಲವನ್ನು ಆಪಲ್ ಸೊನೋಮಾದಲ್ಲೇ ತೆಗೆದಿದೆ, ಪ್ಯಾಚ್ ಇಲ್ಲದೆ ಓಡುವುದಿಲ್ಲ.

ಆವೃತ್ತಿ ಸೊನೋಮಾ ಅಥವಾ ಸಿಕೋಯಾದಲ್ಲೇ ನಿಲ್ಲಲಿ. ತಾಹೋ 26 ಐಮ್ಯಾಕ್20,1ರಲ್ಲಿ ಬೂಟ್ ಆದರೂ ಅದರಲ್ಲಿ ಆಪಲ್‌ಎಚ್‌ಡಿಎ (ಆಪಲ್‌ನ ಸೌಂಡ್ ಡ್ರೈವರ್) ತೆಗೆದಿರುವುದರಿಂದ ಬೋರ್ಡಿನ ಸೌಂಡ್ ಸುಮ್ಮನಾಗುತ್ತದೆ. ಇಂಟೆಲ್‌ಗೆ ಅದೇ ಕೊನೆಯ ಆವೃತ್ತಿ ಎಂದು ಆಪಲ್ 2025ರ ಜೂನ್‌ನಲ್ಲಿ ಹೇಳಿದೆ. ಅದಕ್ಕೇ ಇದಕ್ಕೆಂದು ಹೊಸ ಬೋರ್ಡ್, ಹೊಸ ಕಾರ್ಡ್ ಕೊಳ್ಳಬೇಡಿ. ಇರುವುದರಲ್ಲಿ ಕಲಿಯಿರಿ, ದುಡ್ಡು ಹಾಕುವುದಾದರೆ ಸೆಕೆಂಡ್ ಹ್ಯಾಂಡ್ ಎಂ1 ಮ್ಯಾಕ್ ಮಿನಿಗೆ ಹಾಕಿ. ಆಪಲ್ ಲೈಸೆನ್ಸ್ ಪ್ರಕಾರ ಮ್ಯಾಕ್‌ಓಎಸ್ ಓಡಿಸಲು ಅನುಮತಿ ಇರುವುದು ಆಪಲ್ ಯಂತ್ರಗಳಲ್ಲಿ ಮಾತ್ರ, ಹಾಗಾಗಿ ಕಚೇರಿ ಕೆಲಸಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ.

ಮತ್ತೆ ನಿಂತರೆ ಕೊನೆಯ ಹತ್ತು ಸಾಲು ಕಾಣುವಂಥ ನೇರ ಫೋಟೋ, ಬೋರ್ಡಿನ ಪೂರ್ತಿ ಹೆಸರು, ಬಯೋಸ್ ಆವೃತ್ತಿ ಮತ್ತು ಕಾನ್ಫಿಗ್ ಫೈಲ್ ಇಲ್ಲಿ ಹಾಕಿ. ಹಾಕುವ ಮುಂಚೆ ಅದರಲ್ಲಿನ ಸೀರಿಯಲ್‌ಗಳನ್ನು ಅಳಿಸಿರಿ.