ಪೋರ್ಟ್‌ಫೋಲಿಯೊ ಸಂಶೋಧನೆ ಆಗುತ್ತದೆಯೇ?

ಹತ್ತು ವರ್ಷದ ಲೋಗೊ, ಪೋಸ್ಟರ್‌ಗಳ ಸಂಗ್ರಹವನ್ನೇ (ಪೋರ್ಟ್‌ಫೋಲಿಯೊ) ಪಿಎಚ್‌ಡಿಗೆ ಕೊಡಬಹುದೇ ಎಂದು ಕೇಳಿದ್ದೀರಿ. ಎಷ್ಟೇ ಚೆನ್ನಾಗಿದ್ದರೂ ಅಷ್ಟೇ ಸಾಲದು. 1993ರಲ್ಲಿ ಬ್ರಿಟನ್ನಿನ ಕಲಾ ಶಿಕ್ಷಣತಜ್ಞ ಕ್ರಿಸ್ಟೋಫರ್ ಫ್ರೇಲಿಂಗ್ ಸಂಶೋಧನೆಯನ್ನು ವಿನ್ಯಾಸದ ಕುರಿತು, ವಿನ್ಯಾಸದ ಮೂಲಕ, ವಿನ್ಯಾಸಕ್ಕಾಗಿ ಎಂದು ಮೂರಾಗಿ ವಿಂಗಡಿಸಿದರು. ನಿಮಗೆ ಹೊಂದುವುದು ಎರಡನೆಯದು, ಅಂದರೆ ವಿನ್ಯಾಸ ಮಾಡುತ್ತಲೇ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು. ಅದಕ್ಕೆ ಮೊದಲು ಕಿರಿದಾದ ಪ್ರಶ್ನೆ ಬೇಕು: ಔಷಧದ ಲೇಬಲ್ಲಿನಲ್ಲಿ ಸಾಲುಗಳ ಅಂತರ ಹೆಚ್ಚಿಸಿದರೆ ವಯಸ್ಸಾದವರು ತಪ್ಪಾಗಿ ಓದುವುದು ತಗ್ಗುತ್ತದೆಯೇ? ಜೊತೆಗೇ ಅಕ್ಷರದ ಗಾತ್ರ ಬದಲಿಸಬೇಡಿ, ಫಲ ಯಾವುದರಿಂದ ಬಂತೆಂದು ಹೇಳಲಾಗದು. ಓದುಗರನ್ನು ಪ್ರಯೋಗಕ್ಕೆ ಕೂರಿಸುವ ಮುನ್ನವೇ, ಜನರ ಮೇಲಿನ ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ.

ಪ್ರತಿ ಕರಡನ್ನೂ, ಕೈಬಿಟ್ಟದ್ದನ್ನೂ ಸೇರಿಸಿ, ದಿನಾಂಕ ಮತ್ತು ಬದಲಾವಣೆಯ ಕಾರಣದೊಂದಿಗೆ ಉಳಿಸಿ. ಹಲವರು ಎಡವುವುದು ಇಲ್ಲೇ: ಕಾರಣಗಳನ್ನು ಕೊನೆಯಲ್ಲಿ ನೆನಪಿನಿಂದ ಬರೆದರೆ ವಾದ ಪರೀಕ್ಷಕರ ಮುಂದೆ ನಿಲ್ಲುವುದಿಲ್ಲ. ಹಳೆಯ ಕೆಲಸವನ್ನು ಉಪನ್ಯಾಸಕ ಹುದ್ದೆಯ ಸಂದರ್ಶನಕ್ಕೆ ಇಟ್ಟುಕೊಳ್ಳಿ. ಅಲ್ಲಿ ಮೂರೇ ಯೋಜನೆ ಸಾಕು, ಆದರೆ ಕರಡುಗಳ ಸಮೇತ.