ಫೋಟೋ ಮೇಲೆ ಕನ್ನಡ ಹೆಸರು: ಒತ್ತಕ್ಷರ ಒಡೆಯದ ಹಾಗೆ ಬರೆಸುವುದು

ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಲ್ಲಿ ತೆಗೆದ ಮರಗಳ ಫೋಟೋಗಳಿಗೆ ಪೈಥಾನ್‌ನ ಪಿಲ್ಲೋ ಎಂಬ ಚಿತ್ರ ತಿದ್ದುವ ಲೈಬ್ರರಿ ಬಳಸಿ ಹೆಸರು ಹಾಕುತ್ತಿದ್ದೀರಿ. 'ಹಲಸು' ಹೇಗೋ ಬರುತ್ತದೆ, 'ಅಶ್ವತ್ಥ', 'ಸರ್ವೆ' ಮಾತ್ರ ಒಡೆದು ಹೋಗುತ್ತವೆ, ಫಾಂಟ್ ಬದಲಾಯಿಸಿದರೂ ಅಷ್ಟೇ ಅಂತ ಕೇಳಿದ್ದೀರಿ. ಇದು ಫಾಂಟ್ ತಪ್ಪಲ್ಲ. ಇನ್ನು ಸುಮ್ನೆ ಹೊಸ ಫಾಂಟ್ ಹುಡುಕಬೇಡಿ.

'ಸರ್ವೆ' ಎಂಬ ಪದವನ್ನೇ ನೋಡಿ. ಯೂನಿಕೋಡ್‌ನಲ್ಲಿ ಅದು ಸ, ರ, ಹಲಂತ, ವ, ಎತ್ವ ಈ ಸಾಲಿನಲ್ಲಿ ಕೂತಿರುತ್ತದೆ. ಆದರೆ ಚಿತ್ರದಲ್ಲಿ 'ಸ' ಆದಮೇಲೆ ಮೊದಲು 'ವೆ' ಬರಬೇಕು, ಮುಂಚೆ ಟೈಪ್ ಮಾಡಿದ ರಕಾರ ಅರ್ಕಾವತ್ತಾಗಿ ಅದರ ಬಲಕ್ಕೆ ನಿಲ್ಲಬೇಕು. ಎತ್ವ ಬಂದಾಗ ವಕಾರದ ತಲೆಕಟ್ಟೂ ಹೋಗಬೇಕು. ಆಕಾರಗಳೂ ನಿಯಮಗಳೂ ಫಾಂಟ್ ಒಳಗೆ ಇರುತ್ತವೆ, ನಿಜ. ಅವನ್ನು ಓದಿ ಜೋಡಿಸುವುದು ಲೇಔಟ್ ಎಂಜಿನ್ ಕೆಲಸ. ಪಿಲ್ಲೋದಲ್ಲಿ ಅಂಥವು ಎರಡು: ಬೇಸಿಕ್ ಮತ್ತು ರಾಖ್ಮ್. ಬೇಸಿಕ್ ಒಂದರ ಪಕ್ಕ ಒಂದು ಇಡುತ್ತಾ ಹೋಗುತ್ತದೆ. ರಾಖ್ಮ್ ಹಾರ್ಫ್‌ಬಝ್ ಎಂಬ ಇನ್ನೊಂದು ಲೈಬ್ರರಿ ಮೂಲಕ ಸರಿಯಾಗಿ ಜೋಡಿಸುತ್ತದೆ.

ಪಿಲ್ಲೋದ 'ಫೀಚರ್ಸ್' ಮಾಡ್ಯೂಲ್‌ನಲ್ಲಿ 'ಚೆಕ್' ಅಂತ ಫಂಕ್ಷನ್ ಇದೆ. ಅದಕ್ಕೆ ರಾಖ್ಮ್ ಹೆಸರು (raqm) ಕೊಟ್ಟು ಓಡಿಸಿ. 'ಫಾಲ್ಸ್' ಬಂದರೆ ಕಾರಣ ಸಿಕ್ಕಿತು. ಪಿಪ್‌ನಿಂದ ಹಾಕಿಕೊಂಡ ಪಿಲ್ಲೋದಲ್ಲಿ 8.2 ಆವೃತ್ತಿಯಿಂದ ರಾಖ್ಮ್ ಸೇರಿಯೇ ಬರುತ್ತದೆ, ಆದರೆ ಓಡುವಾಗ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿ ಕೇಳುತ್ತದೆ. ಫ್ರಿಬಿಡಿ ಇರುವುದು ಉರ್ದು, ಅರಬ್ಬಿಯಂಥ ಬಲದಿಂದ ಎಡಕ್ಕೆ ಹೋಗುವ ಬರಹಕ್ಕೆ. ಕನ್ನಡಕ್ಕೆ ಅದರ ಕೆಲಸವಿಲ್ಲ, ಆದರೂ ಅದಿಲ್ಲದೆ ರಾಖ್ಮ್ ಏಳುವುದಿಲ್ಲ. ಉಬುಂಟುವಿನಲ್ಲಿ ಆಪ್ಟ್, ಮ್ಯಾಕ್‌ನಲ್ಲಿ ಬ್ರೂ ಎಂಬ ಕಮಾಂಡ್ ಬಳಸಿ ಫ್ರಿಬಿಡಿ ಹಾಕಿಕೊಳ್ಳಬಹುದು. ವಿಂಡೋಸ್‌ನಲ್ಲಿ ಡಿಎಲ್‌ಎಲ್ ಕಡತ ಬೇಕು, ಸ್ವಲ್ಪ ತಲೆನೋವು. ಅಲ್ಲಿ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗೆ ಉಬುಂಟು ಹಾಕಿಕೊಂಡು ಓಡಿಸುವುದೇ ಸಲೀಸು ಅಂತ ನನ್ನ ಅಭಿಪ್ರಾಯ.

ನಿಮ್ಮ ಮರಗಳ ಹೆಸರಿನ ಪಟ್ಟಿ ಹಳೆಯ 'ನುಡಿ' ತಂತ್ರಾಂಶದ ಆಸ್ಕಿ ಸಂಕೇತದಲ್ಲಿ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿ. ಇಲ್ಲದಿದ್ದರೆ ಯಾವ ಎಂಜಿನ್ ಇದ್ದರೂ ಕಸವೇ ಬರುತ್ತದೆ.

ಇನ್ನು ಕನ್ನಡ ಹೆಸರು ದಪ್ಪ, ಕೆಳಗೆ ಲ್ಯಾಟಿನ್ ಹೆಸರು ಓರೆ ಬೇಕು ಅಂದಿದ್ದೀರಿ. ಪಿಲ್ಲೋಗೆ ಬೋಲ್ಡ್, ಇಟಾಲಿಕ್ ಎಂಬ ಗುರುತು ಗೊತ್ತಿಲ್ಲ. ಪ್ರತಿ ಶೈಲಿಗೂ ಬೇರೆ ಫಾಂಟ್ ತೆರೆದು ತುಂಡು ತುಂಡಾಗಿ ಬರೆಸಬೇಕು. ಕನ್ನಡಕ್ಕೆ ನೋಟೋ ಸಾನ್ಸ್ ಕನ್ನಡ ಬೋಲ್ಡ್, ಲ್ಯಾಟಿನ್‌ಗೆ ನೋಟೋ ಸೆರಿಫ್ ಇಟಾಲಿಕ್ ಚೆನ್ನಾಗಿ ಹೊಂದುತ್ತವೆ. ಒಂದು ಫಾಂಟ್‌ನಲ್ಲಿ ಇಲ್ಲದ ಅಕ್ಷರವನ್ನು ಪಿಲ್ಲೋ ಇನ್ನೊಂದರಿಂದ ತರುವುದಿಲ್ಲ, ಖಾಲಿ ಚೌಕ ಇಡುತ್ತದೆ. ಒಂದೇ ಸಾಲಲ್ಲಿ ಎರಡು ಬಣ್ಣ ಬೇಕಾದರೆ ಮೊದಲ ತುಂಡಿನ ಅಗಲವನ್ನು 'ಟೆಕ್ಸ್ಟ್‌ಲೆಂತ್'ನಿಂದ ಅಳೆದು ಮುಂದಿನದನ್ನು ಅಲ್ಲಿಂದ ಶುರು ಮಾಡಿ. ತುಂಡು ಮಾಡುವುದು ಪದದ ಕೊನೆಯಲ್ಲಿ ಮಾತ್ರ. ಅಕ್ಷರದ ನಡುವೆ ಕತ್ತರಿಸಿದರೆ ರಾಖ್ಮ್ ಕೂಡ ಕಾಪಾಡದು.

ಉದ್ದದ ವಿವರಣೆಯನ್ನು ಸಾಲು ಒಡೆಯಲು 'ಟೆಕ್ಸ್ಟ್‌ರ‍್ಯಾಪ್' ಬೇಡ. ಪೈಥಾನ್‌ನ ಆ ಮಾಡ್ಯೂಲ್ ಅಗಲ ಅಳೆಯದೆ ಅಕ್ಷರ ಎಣಿಸಿ ಒಡೆಯುತ್ತದೆ, ಆದರೆ 'ಅಶ್ವತ್ಥ' ನಮಗೆ 3 ಅಕ್ಷರ, ಪೈಥಾನ್ ಎಣಿಕೆಗೆ 7. ಒಂದೊಂದೇ ಪದ ಸೇರಿಸುತ್ತಾ ಅಗಲ ಅಳೆಯಿರಿ, ಮೀರಿದಾಗ ಹೊಸ ಸಾಲು. ಸಾಲುಗಳ ನಡುವೆ ಪಿಲ್ಲೋ ತಾನಾಗಿ ಬಿಡುವ ಹೆಚ್ಚುವರಿ ಜಾಗ ಬರೀ 4 ಪಿಕ್ಸೆಲ್. ದೊಡ್ಡ ಫೋಟೋದಲ್ಲಿ ಅದು ಏನೇನೂ ಸಾಲದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತದೆ. 'ಸ್ಪೇಸಿಂಗ್' ಜಾಸ್ತಿ ಕೊಡಿ, ಅಕ್ಷರದ ಗಾತ್ರದ ಮೂರನೇ ಒಂದು ಭಾಗ ಆದರೂ ಇರಲಿ.

ಎಲೆಗಳ ಮೇಲೆ ಬಿಳಿ ಅಕ್ಷರ ಕಾಣದು ಅಂತ ಕಪ್ಪು ಅಂಚು ಕೊಡುವವರು ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಅಂಚು ದಪ್ಪವಾದರೆ ಥ, ಧ, ಭ ಅಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಕೆಳಗೆ ಅರೆಪಾರದರ್ಶಕ ಕಪ್ಪು ಪಟ್ಟಿ ಹಾಕಿ ಅದರ ಮೇಲೆ ಬರೆಸಿ. ಹೀಗೆ ಮಾಡಿದ ಚಿತ್ರ ಆರ್‌ಜಿಬಿಎ (ಬಣ್ಣದ ಜೊತೆ ಪಾರದರ್ಶಕತೆಯೂ ಇರುವ ಬಗೆ) ಆಗಿರುತ್ತದೆ, ಜೆಪೆಗ್‌ಗೆ ಸೇವ್ ಮಾಡುವ ಮುಂಚೆ ಆರ್‌ಜಿಬಿಗೆ ಬದಲಾಯಿಸದಿದ್ದರೆ ಎರರ್ ಬರುತ್ತದೆ. ಮೊಬೈಲ್ ಫೋಟೋ ಆದರೆ ತೆರೆದ ತಕ್ಷಣ 'ಎಕ್ಸಿಫ್ ಟ್ರಾನ್ಸ್‌ಪೋಸ್' ಮಾಡಿ (ಫೋಟೋದಲ್ಲಿ ದಾಖಲಾದ ದಿಕ್ಕಿನಂತೆ ಚಿತ್ರವನ್ನು ತಿರುಗಿಸುವ ಫಂಕ್ಷನ್), ಇಲ್ಲವಾದರೆ ನಿಲುವಾಗಿ ತೆಗೆದ ಫೋಟೋಗಳಲ್ಲಿ ಹೆಸರು ಅಡ್ಡಡ್ಡ ಕೂರುತ್ತದೆ. ಚೆಕ್ ಓಡಿಸಿ ಏನು ಬಂತು ಅಂತ ಇಲ್ಲೇ ಹಾಕಿ, ನೋಡೋಣ.