ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆಯೇನಾ?

ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದುತ್ತಿದ್ದೀನಿ, ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆಯೇ ತಾನೆ, ಗೈಡಿನಲ್ಲಿ ಎರಡನ್ನೂ ಬೇರೆ ಬೇರೆ ಯಾಕೆ ಕೊಟ್ಟಿದ್ದಾರೆ ಅಂತ ಕೇಳಿದ್ದೀರಿ. ಒಂದೇ ಅಲ್ಲ, ಪೂರ್ತಿ ಉಲ್ಟಾ. ನಾನು ಕಲಬುರಗಿಯಲ್ಲಿ ಬಿ.ಇಡಿ ಓದುವವರಿಗೆ ಈ ಪಾಠ ಹೇಳುತ್ತೇನೆ, ಪ್ರತಿ ಬ್ಯಾಚಿನಲ್ಲೂ ಅರ್ಧ ಕ್ಲಾಸು ಇಲ್ಲೇ ಎಡವುತ್ತದೆ.

ಪುನರ್ಬಲನ ಅಂದಮೇಲೆ ವರ್ತನೆ ಜಾಸ್ತಿಯಾಗಲೇಬೇಕು. ಶಿಕ್ಷೆ ಅಂದರೆ ಕಡಿಮೆಯಾಗಬೇಕು. ಮೊದಲು ಇದನ್ನು ನೋಡಿ. ಧನ, ಋಣ ಆಮೇಲಿನ ಮಾತು: ಏನಾದರೂ ಕೊಟ್ಟರೆ ಧನ, ಇದ್ದದ್ದನ್ನು ತೆಗೆದರೆ ಋಣ, ಅಷ್ಟೇ. ಮೇ ತಿಂಗಳ ನಮ್ಮೂರ ಬಿಸಿಲಲ್ಲಿ ಹೊರಗೆ ಹೋಗಿ ಬಂದವರು ಚಪ್ಪಲಿ ಬಿಡುವ ಮೊದಲೇ ಕೂಲರ್ ಸ್ವಿಚ್ಚಿಗೆ ಕೈ ಹಾಕುತ್ತಾರಲ್ಲ, ಅದು ಋಣಾತ್ಮಕ ಪುನರ್ಬಲನ. ಒತ್ತಿದರೆ ಧಗೆ ಹೋಗುತ್ತದೆ, ಹಾಗಾಗಿ ಒತ್ತುವ ಚಾಳಿ ಗಟ್ಟಿಯಾಗುತ್ತದೆ. ಮನೋವಿಜ್ಞಾನಿ ಸ್ಕಿನ್ನರ್ ಪ್ರಯೋಗಕ್ಕೆ ಬಳಸಿದ ಪೆಟ್ಟಿಗೆಯ ಇಲಿ ಸನ್ನೆಕೋಲು ಒತ್ತಿ ಶಾಕ್ ನಿಲ್ಲಿಸಿಕೊಳ್ಳುವುದೂ ಇದೇ.

ನನಗೆ ಇಷ್ಟದ ಉದಾಹರಣೆ ಹೋಳಿ ಮುಗಿದ ಮೇಲೆ ನಡೆಯುವ ಶರಣಬಸವೇಶ್ವರ ಜಾತ್ರೆಯದು. ಆಟಿಕೆ ಅಂಗಡಿ ಮುಂದೆ ಒಂದು ಮಗು ಪ್ಲಾಸ್ಟಿಕ್ ಜೆಸಿಬಿ ಬೇಕಂತ ನೆಲಕ್ಕೆ ಕೂತು ಅಳುತ್ತದೆ. ಅಪ್ಪ ಒಮ್ಮೆ ಗದರುತ್ತಾನೆ, ನಿಂತು ನೋಡುತ್ತಿರುವ ಜನರ ಕಡೆ ಕಣ್ಣು ಹಾಯಿಸುತ್ತಾನೆ, ಆಮೇಲೆ ಕೈ ಸುಮ್ನೆ ಅಂಗಿ ಜೇಬಿಗೆ ಹೋಗುತ್ತದೆ. ಅಳು ಟಕ್ಕಂತ ಬಂದ್. ಇಲ್ಲಿ ಕಲಿತವರು ಇಬ್ಬರು. ಅತ್ತರೆ ಜೆಸಿಬಿ ಸಿಗುತ್ತದೆ ಅಂತ ಮಗು ಕಲಿಯಿತು, ಅದು ಧನಾತ್ಮಕ. ದುಡ್ಡು ಬಿಚ್ಚಿದರೆ ಅಳು ನಿಲ್ಲುತ್ತದೆ ಅಂತ ಅಪ್ಪ ಕಲಿತ, ಅದು ಋಣಾತ್ಮಕ. ಮಗುವೇ ಅಪ್ಪನಿಗೆ ಪಾಠ ಮಾಡುತ್ತಿದೆ ಅನ್ನೋದನ್ನು ಗೈಡ್ ಬರೆಯುವವರು ಯಾಕೋ ಹೇಳುವುದೇ ಇಲ್ಲ.

ಅದೇ ಅಪ್ಪ ಒಂದೇಟು ಹಾಕಿ, ಮುಂದೆ ಹಟ ಕಡಿಮೆಯಾದರೆ ಧನಾತ್ಮಕ ಶಿಕ್ಷೆ (ಹೌದು, ಹೆಸರು ಹಾಗೇ ಇದೆ). ಕೈಯಲ್ಲಿದ್ದ ಮೊಬೈಲ್ ಕಿತ್ತುಕೊಂಡು ಕಡಿಮೆಯಾದರೆ ಋಣಾತ್ಮಕ ಶಿಕ್ಷೆ. ಏಟು ಬಿದ್ದರೂ ಹಟ ಜಾಸ್ತಿಯೇ ಆಯಿತಾ? ಹಾಗಿದ್ದರೆ ಅದನ್ನು ಶಿಕ್ಷೆ ಅಂತ ಕರೆಯುವ ಹಾಗಿಲ್ಲ, ಹೊಡೆದವನ ಉದ್ದೇಶ ಏನೇ ಇರಲಿ.

ರಷ್ಯಾದ ವಿಜ್ಞಾನಿ ಪಾವ್ಲೋವ್ ಊಟಕ್ಕೆ ಮೊದಲು ಸದ್ದು ಕೇಳಿಸಿ ರೂಢಿ ಮಾಡಿಸಿದ ನಾಯಿಯನ್ನು ಇದರೊಳಗೆ ತರಬೇಡಿ. ಊಟ ಸಿಗಲಿ ಅಂತ ನಾಯಿ ಜೊಲ್ಲು ಸುರಿಸುವುದಲ್ಲ, ಸದ್ದು ಕೇಳಿದ ಕೂಡಲೇ ತಾನಾಗಿ ಬರುತ್ತದೆ. ಅದು ಶಾಸ್ತ್ರೀಯ ಅನುಬಂಧನ, ಬೇರೆ ಅಧ್ಯಾಯ. ಅಂದಹಾಗೆ 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ, ಇದಕ್ಕಲ್ಲ.

ಜಾತ್ರೆ ಮಗುವಿನ ವಿಷಯ ಇನ್ನೂ ಮುಗಿದಿಲ್ಲ. ಮುಂದಿನ ವರ್ಷ ಅಪ್ಪ ಮನಸ್ಸು ಗಟ್ಟಿ ಮಾಡಿ ಕೊಡಿಸದೇ ನಿಂತ ಅಂದುಕೊಳ್ಳಿ. ಎಷ್ಟೋ ಸಲ ಅಳು ತಕ್ಷಣ ಇಳಿಯುವುದಿಲ್ಲ, ಮೊದಲು ಏರುತ್ತದೆ, ಮಗು ಮಣ್ಣಲ್ಲಿ ಹೊರಳಾಡುತ್ತದೆ. ಇದಕ್ಕೆ ಎಕ್ಸ್‌ಟಿಂಕ್ಷನ್ ಬರ್ಸ್ಟ್ ಅಂತಾರೆ. ಅಲ್ಲಿ ಸೋತು ಕೊಡಿಸಿದರೆ ಹೊರಳಾಡಿದ್ದಕ್ಕೇ ಬಹುಮಾನ ಕೊಟ್ಟ ಹಾಗಾಯಿತು ಅಲ್ವಾ? ಒಮ್ಮೆ ಕೊಡಿಸಿ ಒಮ್ಮೆ ಬಿಟ್ಟರೆ ಇನ್ನೂ ಕಷ್ಟ. ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನದಿಂದ ಬೆಳೆದ ಚಾಳಿ ಬೇಗ ಬಿಟ್ಟುಹೋಗುವುದಿಲ್ಲ. ಯಾವ ಲೆಕ್ಕದಲ್ಲಿ ಬಹುಮಾನ ಕೊಟ್ಟರೆ ವರ್ತನೆ ಹೇಗಿರುತ್ತದೆ ಅಂತ ಫರ್ಸ್ಟರ್ ಮತ್ತು ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ, 1957ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು.

ಈಗ ನೀವು ಹೇಳಿ. ಹೋಂವರ್ಕ್ ಮುಗಿಸಿದವರಿಗೆ ಕ್ಲಾಸು ಗುಡಿಸುವ ಕೆಲಸ ಮಾಫಿ ಅಂತ ಮೇಷ್ಟ್ರು ಹೇಳಿದರು, ಮರುದಿನದಿಂದ ಹೋಂವರ್ಕ್ ಮಾಡುವವರು ಜಾಸ್ತಿಯಾದರು. ನಾಲ್ಕು ಆಯ್ಕೆಯಲ್ಲಿ ಯಾವುದಕ್ಕೆ ಗುರುತು ಹಾಕುತ್ತೀರಿ?